ಮೋಡ ಕಂಡರೆ ಸೀಟಿ

ಅಕ್ಕನ ಕೆಲಸ ಏನೆಂದು ಕೇಳಿದರೆ ನಿಮಗೆ ನಗು ಬಂದೀತು. ದೊಡ್ಡ ಕಟ್ಟಡ ಏಳುವ ಜಾಗದಲ್ಲಿ ನಿಂತು ಆಕಾಶ ನೋಡುವುದು, ಮಳೆ ಬರುವಂತಿದ್ದರೆ ಸೀಟಿ ಊದುವುದು. ಸೀಟಿ ಕೇಳಿದ ಕೂಡಲೇ ಎತ್ತರದಲ್ಲಿದ್ದವರು ಇಳಿಯಬೇಕು, ಪಾಯದ ಗುಂಡಿಯಲ್ಲಿದ್ದವರು ಹತ್ತಬೇಕು. ಮೊದಲೆಲ್ಲ ಇಟ್ಟಿಗೆ ಹೊರುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಮೇಸ್ತ್ರಿ ಬಾಯಿಗೆ ಕೆಲಸ ಕೊಟ್ಟ. ಅಂದಿನಿಂದ ಎಲ್ಲರಿಗೂ ಅವಳು ಸೀಟಿ ಅಕ್ಕ.

ಆ ಸೀಟಿಗೆ ಬಗ್ಗದವನು ಒಬ್ಬನೇ, ಕಂಬಿ ಕಟ್ಟುವ ಅವಳ ಸ್ವಂತ ತಮ್ಮ.

“ಮೋಡ ಕಂಡ್ರೂ ಊದ್ತೀಯ, ಹೊಗೆ ಕಂಡ್ರೂ ಊದ್ತೀಯ. ನಿನ್ನ ಕಾಟದಲ್ಲಿ ಕೆಲಸ ಸಾಗೋದು ಹೇಗೆ?”

“ನೀನಿದ್ರೆ ತಾನೇ ಕೆಲಸ? ಹತ್ತೋ ಮೇಲೆ!”

ಗುಂಡಿಯವರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಮಳೆ ಬಂದರೆ ಹತ್ತಿ ಬಂದು ನೆನೆಯುವ ಬದಲು, ಅಗೆದ ಮಣ್ಣಿನ ಗೋಡೆಗೆ ಒರಗಿ ತಾರ್ಪಾಲು ಹೊದ್ದು ಕೂರುವುದು. ಅಲ್ಲಿ ಗಾಳಿ ಬಡಿಯದು, ಬೆಚ್ಚಗೂ ಇರುತ್ತದೆ. ನೀರು ಕುಡಿದ ಮಣ್ಣನ್ನು ನಂಬಬೇಡಿ ಎಂದು ಅಕ್ಕ ಬಡಕೊಂಡು ಬಡಕೊಂಡು ಉಳಿದವರಿಗೆ ಅದನ್ನು ಬಿಡಿಸಿದ್ದಳು. ತಮ್ಮನಿಗೆ ಬಿಡಿಸಲು ಆಗಿರಲಿಲ್ಲ.

ಅವತ್ತು ಊಟದ ಹೊತ್ತಿಗೆ ಆಕಾಶ ಕಪ್ಪಿಟ್ಟಿತು. ಅಕ್ಕ ಊದಿದಳು. ಎಲ್ಲರೂ ದಡಬಡ ಹತ್ತಿ ಬಂದರು. ತಮ್ಮ ಮಾತ್ರ ತಾರ್ಪಾಲಿನೊಳಗೆ ತೂರಿಕೊಂಡು, “ಮಳೆ ನಿಂತ ಮೇಲೆ ಕರಿ” ಎಂದ.

ಮಳೆ ಧೋ ಎಂದು ಸುರಿಯಿತು. ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಕೆಂಪು ನೀರು ಇಳಿಯತೊಡಗಿತು. ಆಚೆ ಬದಿಯಲ್ಲಿ ಏಣಿಯ ಪಕ್ಕ ನಿಂತ ಅಕ್ಕ ಅದನ್ನು ನೋಡಿದಳು. ಬೈದಳು, ಗೋಗರೆದಳು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ಊಟದ ಡಬ್ಬಿಗಳನ್ನು ಹಗ್ಗಕ್ಕೆ ಕಟ್ಟಿ ಗುಂಡಿಗೆ ಇಳಿಸುವುದು ಅಲ್ಲಿನ ರೂಢಿ. ತಮ್ಮನ ಡಬ್ಬಿ ಏಣಿಯ ಬುಡದಲ್ಲಿ ಇನ್ನೂ ಹಗ್ಗದಲ್ಲೇ ಇತ್ತು. ಅಕ್ಕ ಸರಸರನೆ ಅದನ್ನು ಮೇಲಕ್ಕೆಳೆದುಕೊಂಡಳು.

“ನಿನ್ನ ಡಬ್ಬಿ ಮೇಸ್ತ್ರಿ ಪಾಲಿಗೆ ಹೋಯ್ತು ಕಣೋ!”

“ಘಮಘಮ ಅಂತಿದೆ ಅಕ್ಕ, ಬೇಗ ಮುಚ್ಚಳ ತೆಗಿ,” ಎಂದು ಮೇಸ್ತ್ರಿಯೂ ಕೂಗಿದ.

“ಏಯ್! ಮುಟ್ಟಿದ್ರೆ ನೋಡಿ!” ತಮ್ಮ ತಾರ್ಪಾಲು ಬಿಸಾಕಿ ಏಣಿ ಹತ್ತಿ ಬಂದ. ಡಬ್ಬಿಗೆ ಕೈ ಹಾಕಿದನೋ ಇಲ್ಲವೋ, ಹಿಂದೆ ದೊಪ್ಪೆಂದಿತು. ಗೋಡೆ ಕುಸಿದಿತ್ತು. ತಾರ್ಪಾಲಿನ ಅಂಚೂ ಕಾಣಲಿಲ್ಲ.

ತಮ್ಮ ಡಬ್ಬಿಯನ್ನು ಮುಚ್ಚಳ ತೆಗೆಯದೆ ಪಕ್ಕಕ್ಕಿಟ್ಟ. ಅಕ್ಕ ಅವನ ಬೆನ್ನು ಸವರುತ್ತಾ ಕೂತಳು. ಅವತ್ತು ಮತ್ತೆ ಬೈಯಲಿಲ್ಲ.

ಮರುದಿನ ಅಂಗೈಯಗಲದ ಮೋಡ ಕಂಡಿತು. ಅಕ್ಕ ಸೀಟಿ ಬಾಯಿಗಿಟ್ಟಳಷ್ಟೇ, ತಮ್ಮ ಏಣಿಯ ತುದಿಯಲ್ಲಿದ್ದ.

“ನಾನಿನ್ನೂ ಊದೇ ಇಲ್ವಲ್ಲೋ!”

“ನಿನ್ನ ಕೆನ್ನೆ ಉಬ್ಬಿದ್ದು ಕಾಣಿಸ್ತು.”