ಬಟ್ಟೆಯ ಅಂಚಿನಲ್ಲಿ ಹೊಲಿದ ಉಂಗುರ

ಶಾಂತಕ್ಕ, ಆ ಉಂಗುರ ನೀವು ಕದ್ದಿರಲಿಲ್ಲ. ಅದು ನನಗೆ ಗೊತ್ತಿತ್ತು — ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಚಿತ್ತಾಪುರದ ಸಾಹುಕಾರರ ಮನೆಯಲ್ಲಿ ಮೊಮ್ಮಗನ ತೊಟ್ಟಿಲು ಕಾರ್ಯಕ್ರಮ. ನಾನು ಶಹಾಬಾದಿನಿಂದ ಜಾದೂ ತೋರಿಸಲು ಬಂದವ, ನೀವು ರೊಟ್ಟಿ ಬಡಿಯಲು ಬಂದವರು. ಸಾಹುಕಾರ್ತಿಯ ಉಂಗುರ ಕೇಳಿ ಪಡೆದು, ಕರವಸ್ತ್ರದೊಳಗೆ ಇಟ್ಟಂತೆ ಮಾಡಿ, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಿಮ್ಮನ್ನು ಕರೆದೆ. ಅಷ್ಟು ಜನರಲ್ಲಿ ನಿಮ್ಮನ್ನೇ ಯಾಕೆ? ಎದುರು ಮಾತಾಡುವ ಹೆಂಗಸಲ್ಲ ಎಂದು ಮುಖ ನೋಡಿಯೇ ಅಳೆದಿದ್ದೆ. ಸಾಹುಕಾರ್ತಿಗೆ ‘ಕೊಡ್ರಿ’ ಎಂದವನು ನಿಮಗೆ ‘ಬಾ’ ಎಂದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

“ಬಟ್ಟಿ ಮ್ಯಾಲಿಂದ ಹಿಡಿದು ನೋಡು ಅಕ್ಕ. ಉಂಗುರ ಅದ ಏನು?”

“ಅದರಿ, ಕೈಗಿ ಹತ್ತಲಿಕತ್ತದ.”

ನಿಮ್ಮ ಕೈಗೆ ಹತ್ತಿದ್ದು ಬಟ್ಟೆಯ ಅಂಚಿನಲ್ಲಿ ನಾನೇ ಹೊಲಿದಿಟ್ಟಿದ್ದ ಹಿತ್ತಾಳೆ ಉಂಗುರ. ನಿಜವಾದದ್ದು ಆಗಲೇ ನನ್ನ ಕೋಟಿನ ಕಿಸೆ ಸೇರಿತ್ತು. ಬಟ್ಟೆಯನ್ನು ನಿಮ್ಮ ಕೈಯಿಂದ ಸೆಳೆದು ಜಾಡಿಸಿದೆ — ಮಾಯ! ಚಪ್ಪಾಳೆಯೋ ಚಪ್ಪಾಳೆ. ತಿರುಗಿ ಕೊಡಲು ಕೈ ಹಾಕಿದರೆ ಕಿಸೆ ಹರಿದಿದೆ, ಉಂಗುರವಿಲ್ಲ.

ಆಗಲೇ ಅಂಚು ಬಿಚ್ಚಿ ತೋರಿಸಿದ್ದರೆ ಮುಗಿಯುತ್ತಿತ್ತು. ಆದರೆ ಗುಟ್ಟು ಬಯಲಾದರೆ ಸೇಡಂ, ವಾಡಿ ಕಡೆ ನನ್ನನ್ನು ಯಾರು ಕರೆಯುತ್ತಾರೆ? ಬೆಂಕಿ ಬೀಳಲಿ ಆ ಗುಟ್ಟಿಗೆ! “ಕಡೀಗಿ ಹಿಡಿದಾಕಿ ಆಕಿನೇ ಅಲ್ರಿ” ಎಂದುಬಿಟ್ಟೆ. ನಿಮಗೆ ವಿಭೂತಿ ಮುಟ್ಟಿಸಿ ಆಣೆ ಮಾಡಿಸಿದರು. ಉಂಗುರ ಕೈಗೆ ಹತ್ತಲೇ ಇಲ್ಲ ಎಂದಿದ್ದರೆ ಪಾರಾಗುತ್ತಿದ್ದಿರೇನೋ. ವಿಭೂತಿ ಮುಟ್ಟಿ ಸುಳ್ಳಾಡಲಾರದೆ, “ನನ್ನ ಕೈಯಾಗೇ ಇತ್ತರಿ, ಎಲ್ಲಿ ಹೋಯ್ತೋ ಗೊತ್ತಿಲ್ಲ” ಎಂದಿರಿ. ಮೊದಲರ್ಧವನ್ನಷ್ಟೇ ಅವರು ಕೇಳಿಸಿಕೊಂಡರು. ಥೂ, ಎಂಥ ಕಿವಿಗಳು! ಆದರೆ ಅವರನ್ನು ಬೈಯಲು ನನಗೆಲ್ಲಿದೆ ಬಾಯಿ...

ಮರುದಿನ ಕೋಟಿನ ಅಸ್ತರಿನೊಳಗೆ ಉಂಗುರ ಸಿಕ್ಕಿತು. ಹೇಡಿ ನಾನು — ಏನೂ ಬರೆಯದ ಚೀಟಿಯಲ್ಲಿ ಸುತ್ತಿ ಅವರ ಕಟ್ಟೆಯ ಮೇಲಿಟ್ಟು ಓಡಿಬಂದೆ. ನಿಮ್ಮ ಮೇಲಿನ ಅಪವಾದ ತೊಳೆದುಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಆ ಮನೆಯವರು “ಅಂಜಿ ತಂದು ಒಗದು ಹೋಗ್ಯಾಳ” ಎಂದರಂತೆ. ಅಲ್ಲಿಗೆ ನೀವು ಕಳ್ಳಿ ಎಂದು ಖಾತ್ರಿಯಾಯಿತು. ಆಮೇಲೆ ಚಿತ್ತಾಪುರದಲ್ಲಿ ಯಾರೂ ನಿಮ್ಮನ್ನು ರೊಟ್ಟಿಗೆ ಕರೆಯಲಿಲ್ಲ. ಚಿಂಚೋಳಿಯಲ್ಲಿ ಮಗಳ ಮನೆ ಸೇರಿದಿರೆಂದು ಕೇಳಿದೆ. ನಾನೋ, ಅದೇ ಕರವಸ್ತ್ರ ಹಿಡಿದು ಊರೂರು ತಿರುಗಿದೆ.

ಈಗ ಆ ಮೊಮ್ಮಗನ ಹುಟ್ಟುಹಬ್ಬಕ್ಕೆ ಅದೇ ಮನೆಯವರು ಮತ್ತೆ ಕರೆದಿದ್ದಾರೆ. ಹೋಗುತ್ತೇನೆ. ಉಂಗುರ ಕೇಳುತ್ತೇನೆ. ಸಾಹುಕಾರ್ತಿಯ ಕೈಗೇ ಬಟ್ಟೆ ಕೊಟ್ಟು, “ಅದ ಏನ್ರಿ?” ಎನ್ನುತ್ತೇನೆ. ಅವರು “ಅದ” ಎಂದ ಮೇಲೆ ಎಲ್ಲರೆದುರು ಅಂಚಿಗೆ ಕತ್ತರಿ ಹಾಕುತ್ತೇನೆ.

ಅಲ್ಲಿಂದ ನೇರ ಚಿಂಚೋಳಿಗೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು ಹೇಳುತ್ತೇನೆ. ನಿಮ್ಮ ಕೈಯಿಂದಲೇ ಎಲ್ಲೋ ಜಾರಿತೆಂದು ಇಷ್ಟು ವರ್ಷ ನೀವೂ ನಂಬಿರಬಹುದು — ಇಲ್ಲ ಶಾಂತಕ್ಕ. ನಿಮ್ಮ ಕೈಗೆ ಆ ಉಂಗುರ ಬಂದೇ ಇರಲಿಲ್ಲ.