ಶಾಂತತ್ತಿಯ ಎಂಟು ಆದಿತ್ಯವಾರಗಳು

ಠಣ್. "ಬರಕತ್." ಠಣ್. "ದೋ." ಠಣ್. "ತೀನ್."

ಭಾಲ್ಕಿಯ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಕಬ್ಬಿಣದ ತೂಕದ ಕಲ್ಲುಗಳು ಕಾಂಟಾ ಎಂಬ ದೊಡ್ಡ ತಕ್ಕಡಿಯ ತಟ್ಟೆಗೆ ಬೀಳುವ ಸದ್ದು ಅದು. ಆಗ ತೂಗುವವರು ಯಾರೂ ಮೊದಲನೆಯ ಕಲ್ಲಿಗೆ 'ಒಂದು' ಅನ್ನುತ್ತಿರಲಿಲ್ಲ. ಕೆಲವರು 'ಲಾಭ' ಅನ್ನುತ್ತಿದ್ದರು. ನಮ್ಮ ದೊಡ್ಡಪ್ಪನ ಅಡತಿ ಅಂಗಡಿಯಲ್ಲಿ ತೂಗುತ್ತಿದ್ದ ಮೈಬೂಬ ಕಾಕಾ 'ಬರಕತ್', ಅಂದರೆ ಸಮೃದ್ಧಿ, ಅನ್ನುತ್ತಿದ್ದರು. ಎರಡರಿಂದ ಮುಂದೆ ಎಲ್ಲರ ಎಣಿಕೆಯೂ ಒಂದೇ. ಬೇಸಿಗೆ ರಜೆಗೆ ಬೀದರದಿಂದ ಹೋದ ನನಗೆ ಆ ಸದ್ದಿನಿಂದಲೇ ಬೆಳಗಾಗುತ್ತಿತ್ತು. ಆದರೆ ನಾನು ಹೇಳುತ್ತಿರುವ ಬೇಸಿಗೆಯಲ್ಲಿ, ಆದಿತ್ಯವಾರದ ಬೆಳಗ್ಗೆ, ಎದುರಿನ ತಟ್ಟೆಯಲ್ಲಿ ತೊಗರಿಯ ಚೀಲ ಇರುತ್ತಿರಲಿಲ್ಲ. ನಮ್ಮ ಶಾಂತತ್ತಿ ಕೂತಿರುತ್ತಿದ್ದಳು, ಎರಡೂ ಕೈಯಲ್ಲಿ ಸರಪಳಿ ಹಿಡಿದು, ಕಣ್ಣು ಮುಚ್ಚಿ.

ಈಗ ನನ್ನ ಮೊಮ್ಮಗಳು ಡಯಟ್ ಮಾಡುತ್ತಾಳೆ. ವಾರಕ್ಕೊಮ್ಮೆ "ಅಜ್ಜಿ, ಇವತ್ತು ನನ್ನ ಚೀಟ್ ಡೇ" ಎಂದು ಘೋಷಿಸಿ ಪಿಜ್ಜಾ ತರಿಸುತ್ತಾಳೆ. ನನಗೆ ಒಳಗೊಳಗೇ ನಗು. ಅರವತ್ತು ವರ್ಷದ ಹಿಂದೆ, ಹೆಸರೇ ಇಲ್ಲದ ಈ ಪದ್ಧತಿಯನ್ನು ನಮ್ಮ ಮನೆತನಕ್ಕೆ ತಂದವಳು ನಾನು. ಅದೂ ಒಂದು ಹಸಿ ಸುಳ್ಳು ಹೇಳಿ.

ಶಾಂತತ್ತಿ ನನ್ನ ಅಪ್ಪನ ತಂಗಿ. ಮದುವೆಯಾಗಿ ಎರಡೇ ವರ್ಷಕ್ಕೆ ಗಂಡನ ಮನೆ ಬಿಟ್ಟು ಬಂದು ಭಾಲ್ಕಿಯಲ್ಲಿ ದೊಡ್ಡಪ್ಪನ ಮನೆಯಲ್ಲಿ ಉಳಿದಿದ್ದಳು. ದೊಡ್ಡಪ್ಪ ಕೆಟ್ಟವರಲ್ಲ, ಆದರೂ ಅಣ್ಣನ ಮನೆ ಅಣ್ಣನ ಮನೆಯೇ. ಬೇಳೆ ಆರಿಸಲು ಶಾಂತಾ, ಶಾವಿಗೆ ಹೊಸೆಯಲು ಶಾಂತಾ, ಯಾರ ಮನೆಯ ಬಾಣಂತನಕ್ಕಾದರೂ "ನಮ್ಮ ಶಾಂತಾಗ ಕಳಸ್ತೇನಿ" ಅನ್ನುವ ಮಾತು. ಇಷ್ಟರ ನಡುವೆಯೂ ಅವಳು ಹಟ ಹಿಡಿದು ಟೀಚರ್ ಟ್ರೇನಿಂಗ್ ಮುಗಿಸಿದ್ದಳು. ಆ ವರ್ಷ ಆರ್ಡರ್ ಬಂತು: ಔರಾದಿನ ಹೆಣ್ಣುಮಕ್ಕಳ ಸಾಲೆ. ಜೂನಿನಲ್ಲಿ ಡಾಕ್ಟರ್ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಹಿಡಿದು ಹಾಜರಾಗಬೇಕು.

ಏಪ್ರಿಲ್ ಮೊದಲಲ್ಲಿ ಅವಳು ಸರ್ಟಿಫಿಕೇಟಿಗೆಂದು ಬೀದರಕ್ಕೆ, ನಮ್ಮ ಮನೆಗೆ ಬಂದಳು. ದವಾಖಾನೆಗೆ ಜೊತೆಗೆ ಹೋದವಳು ನಾನು. ಹತ್ತು ವರ್ಷ ನನಗೆ, ಕಾನ್ವೆಂಟಿನ ಹುಡುಗಿ, ಇಂಗ್ಲಿಷ್ ಬರುತ್ತದೆ ಎಂಬ ಜಂಬ ಬೇರೆ. ಲೇಡಿ ಡಾಕ್ಟರ್ ಅತ್ತಿಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು, ಹುಬ್ಬು ಗಂಟಿಕ್ಕಿದರು, ತಕ್ಕಡಿಯ ಮೇಲೆ ನಿಲ್ಲಿಸಿದರು. ಎಂಬತ್ನಾಲ್ಕು ಕಿಲೋ.

"ಇಷ್ಟು ಬಿಪಿ ಇಟ್ಟುಕೊಂಡು ಫಿಟ್ ಅಂತ ನಾನು ಬರೆಯಲಿಕ್ಕೆ ಆಗುವುದಿಲ್ಲ ಶಾಂತಾಬಾಯಿ. ಎಂಟು ವಾರ ಟೈಮ್ ಇದೆ. ಎಂಟು ಕಿಲೋ ಇಳಿಸಿ ಬನ್ನಿ, ಆಮೇಲೆ ನೋಡೋಣ" ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಒಂದು ಹಾಳೆ ಕೊಟ್ಟರು.

ಹೊರಗೆ ಬೇವಿನ ಗಿಡದ ಕೆಳಗೆ ಕೂತು ಅತ್ತಿ ಹಾಳೆಯನ್ನು ನನ್ನ ಕೈಗಿತ್ತಳು. "ಓದವಾ ಬೇಬಿ. ಏನೇನ್ ತಿನ್ನಬಾರದು ಎಲ್ಲಾ ಓದು."

ಓದಿದೆ. ಎರಡು ಹೊತ್ತು ಒಂದೊಂದೇ ರೊಟ್ಟಿ. ಎಣ್ಣೆ, ತುಪ್ಪ ಇಲ್ಲ. ಕರಿದದ್ದು ಇಲ್ಲ. ಸಿಹಿ ಇಲ್ಲ. ಮಾವಿನಹಣ್ಣು ಇಲ್ಲ. ಮಾವಿನಹಣ್ಣು ಅಂದಾಗ ಅತ್ತಿಯ ಮುಖ ನೋಡಿದೆ. ಏಪ್ರಿಲ್ ತಿಂಗಳು! ಶೀಕರಣಿ ಅಂದರೆ ಜೀವ ಬಿಡುವ ಹೆಂಗಸು, ಹೋಳಿಗೆಯನ್ನು ಎರಡು ಬೆರಳಲ್ಲಿ ಮಡಚಿ ಕಣ್ಣು ಮುಚ್ಚಿ ತಿನ್ನುವ ಹೆಂಗಸು. ಅವಳಿಗೆ ಅದರ ಹೊರತು ಬೇರೆ ಸುಖವಾದರೂ ಏನಿತ್ತು?

ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಈಸ್ಟರಿಗೆ ಮುಂಚೆ ನಲವತ್ತು ದಿನ ಸಿಹಿ ಬಿಡುತ್ತಿದ್ದರು. ಆದರೆ ಅದರಲ್ಲಿ ಸಂಡೇ ಎಣಿಕೆಗೆ ಬರುವುದಿಲ್ಲ, ಅದು ದೇವರ ದಿನ ಎಂದು ಸಿಸ್ಟರ್ ಒಬ್ಬರು ಹೇಳಿದ್ದರು. ಅದು ತಲೆಗೆ ಹೊಳೆಯಿತು, ಬಾಯಿ ತಾನೇ ಮುಂದುವರಿಯಿತು:

"ಅತ್ತಿ, ಕೆಳಗ ಇನ್ನೊಂದು ಬರದಾರ. ಆದಿತ್ಯವಾರ ಒಂದ್ ದಿನ ಏನ್ ಬೇಕಾದ್ರೂ ತಿನ್ನಬಹುದು ಅಂತ."

"ಖರೇನ?"

"ಖರೇನ. ಓನ್ಲಿ ಸಂಡೇ."

ಅತ್ತಿ ಹಾಳೆಯ ಮೇಲೊಮ್ಮೆ, ನನ್ನ ಮೇಲೊಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದಲ್ಲಿ ಇಟ್ಟುಕೊಂಡಳು. "ಹಂಗಾದ್ರ ಆರು ದಿನ ಹ್ಯಾಂಗರೆ ತಡೀತೇನಿ ನಡಿ" ಅಂದಳು.

ಶಾಲೆ ಮುಗಿದಿದ್ದರಿಂದ ನಾನೂ ಅವಳ ಜೊತೆ ಭಾಲ್ಕಿಗೆ ಹೋದೆ. ಮುಂದಿನ ಆದಿತ್ಯವಾರ ಗಂಜಿಗೆ ರಜೆ, ರೈತರಿಲ್ಲ, ಹಮಾಲರಿಲ್ಲ. ಭಾಲ್ಕಿಯಲ್ಲಿ ಆಗ ಮನುಷ್ಯರನ್ನು ತೂಗುವ ತಕ್ಕಡಿ ಎಲ್ಲಿತ್ತೋ ನಮಗೆ ಗೊತ್ತಿರಲಿಲ್ಲ. ದೊಡ್ಡಪ್ಪ ಅಂಗಡಿಯ ಬಾಗಿಲು ಅರ್ಧ ತೆಗೆಸಿದರು. ಮೈಬೂಬ ಕಾಕಾ ತಟ್ಟೆಯ ಮೇಲೆ ಶುಭ್ರವಾದ ಗೋಣಿತಟ್ಟು ಹಾಸಿದರು.

"ಕೂಡ್ರಿ ಶಾಂತಾಬೀ, ಅಂಜಬ್ಯಾಡ್ರಿ. ಈ ಸರಪಳಿ ಎರಡು ಕ್ವಿಂಟಲ್ ತಡೀತದ."

"ಕಾಕಾ, ಎರಡು ಕ್ವಿಂಟಲ್ ಮಾತು ಯಾಕ ತೆಗದ್ರಿ?" ಎಂದು ಅತ್ತಿ ಸಿಡುಕಿದಳು. ದೊಡ್ಡವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಅತ್ತಿಯ ಪಾದ ನೆಲ ಬಿಟ್ಟಿತು, ಕಲ್ಲುಗಳು ಬಿದ್ದವು, ಕಾಕಾ ಮುಳ್ಳು ನೋಡಿ ಹೇಳಿದರು: "ಎಂಬತ್ತೆರಡು."

"ನೋಡಿದ್ಯಾ!" ದೊಡ್ಡಪ್ಪ ಹಿಗ್ಗಿದರು. "ವಾರದಾಗ ಎರಡ ಕಿಲೋ ಹೋಯ್ತು. ಇಲ್ಲಂದ್ರ ದವಾಖಾನಿ ಕಾಂಟಾ ಖೋಟಾ ಇರಬೇಕು. ನಮ್ಮ ಗಂಜಿನ ಕಾಂಟಾ ಎಂದೂ ಸುಳ್ಳು ಹೇಳಂಗಿಲ್ಲ."

ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ೮೨ ಎಂದು ಬರೆದದ್ದು ನಾನೇ.

ತೂಕ ಮುಗಿದರೆ ಹಬ್ಬ. ಅತ್ತಿ ಇಡೀ ವಾರ ಯೋಚಿಸಿ ಆರಿಸುತ್ತಿದ್ದಳು. ಒಂದು ಆದಿತ್ಯವಾರ ಬಿಸಿ ಜಿಲೇಬಿ, ಇನ್ನೊಂದಕ್ಕೆ ಮಿರ್ಚಿ ಭಜಿ, ಮತ್ತೊಂದಕ್ಕೆ ಹೋಳಿಗೆ ಮತ್ತು ಶೀಕರಣಿ. ಎಲ್ಲಾ ಒಟ್ಟಿಗೆ ತಿನ್ನಬಹುದಿತ್ತು, ನನ್ನ ಕಾಯಿದೆ ಹಾಗೇ ಇತ್ತು. ಅವಳೇ ಒಂದಕ್ಕೆ ನಿಲ್ಲಿಸುತ್ತಿದ್ದಳು. "ಒಂದ ಸಲಕ ಎಲ್ಲಾ ತಿಂದ್ರ ಮುಂದಿನ ವಾರ ಏನ್ ನೆನಸಲಿ?" ಅನ್ನುತ್ತಿದ್ದಳು. ಹಿತ್ತಲ ಕಟ್ಟೆಯ ಮೇಲೆ ಕೂತು ಮಾವಿನ ಗೊರಟೆಯನ್ನು ಚೀಪಿ ಚೀಪಿ ಬಿಳಿ ಮಾಡುವವರೆಗೆ ಬಿಡುತ್ತಿರಲಿಲ್ಲ. ಮೊಣಕೈವರೆಗೆ ಇಳಿದ ರಸ, ಆ ಪರಿಮಳ! ಈಗ ಮಾಲ್‌ನಲ್ಲಿ ಸ್ಟಿಕ್ಕರ್ ಅಂಟಿಸಿ ಮಾರುವ ಹಣ್ಣನ್ನು ಮೂಗಿಗೆ ಹಿಡಿದು ನೋಡುತ್ತೇನೆ, ಏನೂ ಬರುವುದಿಲ್ಲ.

ಉಳಿದ ಆರು ದಿನ ಹೊತ್ತಿಗೆ ಒಂದೇ ರೊಟ್ಟಿ, ಪುಂಡಿ ಪಲ್ಯ, ನೀರು ಮಜ್ಜಿಗೆ. ಹೊತ್ತು ಹುಟ್ಟುವ ಮೊದಲು ಭಾತಂಬ್ರಾ ದಾರಿಯಲ್ಲಿ ನಡಿಗೆ, ನಾನು ಹಿಂದೆ ಓಡುತ್ತ. ಒಂದು ಮಂಗಳವಾರ ಪಕ್ಕದ ಮನೆಯ ಕುಬಸದ, ಅಂದರೆ ಸೀಮಂತದ, ಊಟದಲ್ಲಿ ಎಲೆಗೆ ಬಿದ್ದ ಹೋಳಿಗೆಯನ್ನು ಅತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಡಬ್ಬಿಯಲ್ಲಿ ಮುಚ್ಚಿಟ್ಟಳು.

"ಅತ್ತಿ, ಆದಿತ್ಯವಾರ ತನಕ ಹಳಸ್ತದ."

"ಹಳಸ್ಲಿ. ಇಟ್ಟೇನಿ ಅಂದ್ರ ನಿದ್ದಿ ಬರ್ತದ."

ಆದಿತ್ಯವಾರ ಡಬ್ಬಿ ತೆಗೆದಾಗ ಬೂಸ್ಟು ಹಸಿರಾಗಿ ನಿಂತಿತ್ತು. ಅತ್ತಿ ಅದನ್ನು ಎಷ್ಟು ದುಃಖದಿಂದ ತಿಪ್ಪೆಗೆ ಹಾಕಿದಳೆಂದರೆ ದೊಡ್ಡವ್ವ "ಯಾರರೆ ಹೋದರೇನ ಶಾಂತಾ?" ಎಂದು ಕೇಳಿದಳು.

ದೊಡ್ಡವ್ವನ ಬಾಯಿ ಹಾಗೆ, ಚುರುಕು. "ಹೋದ್ರ ಹೋಗು, ಇಲ್ಲಂದ್ರ ಇಲ್ಲೇ ಇರು. ತಿನ್ನಲಾರದ ಸೊರಗಿ ಔರಾದಿಗಿ ಹೋಗಿ ಏನ್ ರಾಜ್ಯ ಆಳೋದದ?" ಅನ್ನುತ್ತಿದ್ದಳು. ಅತ್ತಿ ಬೇಳೆಯ ಮೊರವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದಳು. ಒಮ್ಮೆ ಮಾತ್ರ, ನಡಿಗೆಯ ದಾರಿಯಲ್ಲಿ, ನನಗೆ ಹೇಳಿದಳು: "ಬೇಬಿ, ನನ್ನದ ಅಂತ ಒಂದು ಖೋಲಿ ಬೇಕು. ಯಾರಿಗೂ ಕೇಳದ ದೀಪ ಹಚ್ಚಬೇಕು, ಯಾರಿಗೂ ಕೇಳದ ಆರಸಬೇಕು." ಆ ಮಾತು ಕೇಳಿದ ಮೇಲೆ ನನ್ನ ಸುಳ್ಳು ನನಗೇ ಭಾರವಾಯಿತು. ನನ್ನಿಂದ ಅವಳ ನೌಕರಿ ತಪ್ಪಿದರೆ? ಹೇಳಿಬಿಡೋಣವೆಂದು ಎಷ್ಟು ಸಲ ಬಾಯಿ ತೆಗೆದೆನೋ. ಆದರೆ ಶನಿವಾರ ಬಂದರೆ ಅವಳು ಹುಡುಗಿಯಂತಾಗುತ್ತಿದ್ದಳು, ನಾಳೆ ಏನು ಮಾಡೋಣ ಎಂದು ನನ್ನ ಕಿವಿಯಲ್ಲಿ ಪಿಸುಗುಡುತ್ತಿದ್ದಳು. ಹೇಗೆ ಹೇಳಲಿ?

ಗೋಡೆಯ ಅಂಕಿ ಇಳಿಯುತ್ತ ಹೋಯಿತು. ೮೧, ೮೦, ಒಂದು ವಾರ ಅಲ್ಲೇ ನಿಂತಿತು, ಮತ್ತೆ ಇಳಿಯಿತು. ಎಂಟನೆಯ ಆದಿತ್ಯವಾರ ಮೈಬೂಬ ಕಾಕಾ ಮುಳ್ಳನ್ನು ಎರಡು ಸಲ ನೋಡಿ "ಎಪ್ಪತ್ತಾರು! ಮುಬಾರಕ್ ಶಾಂತಾಬೀ!" ಎಂದು ಕೂಗಿದರು. ದೊಡ್ಡವ್ವ ತಾನೇ ಹೋಗಿ ಶೀಕರಣಿಗೆ ಹಣ್ಣು ಹಿಂಡಿದಳು.

ಮರುದಿನ ರೈಲು ಹತ್ತಿ ಬೀದರಕ್ಕೆ ಬಂದೆವು. ದವಾಖಾನೆಯ ತಕ್ಕಡಿಯ ಮೇಲೆ ಅತ್ತಿ ಧೈರ್ಯವಾಗಿ ನಿಂತಳು. ಡಾಕ್ಟರ್ ಓದಿದರು: "ಎಪ್ಪತ್ತೆಂಟು."

ಎರಡು ಕಿಲೋ ಹೆಚ್ಚು. ಅತ್ತಿಯ ಮುಖದ ಬಣ್ಣ ಇಳಿಯಿತು. ನನಗೆ ಆ ಎರಡು ಕಿಲೋದಲ್ಲಿ ಒಂದೊಂದು ಜಿಲೇಬಿಯೂ, ಒಂದೊಂದು ಗೊರಟೆಯೂ ಕಂಡಿತು. ತಡೆಯಲಾಗಲಿಲ್ಲ. ಸಿಸ್ಟರ್ ಮುಂದೆ ನಿಂತಂತೆ ಕೈ ಕಟ್ಟಿ ಜೋರಾಗಿ ಅತ್ತುಬಿಟ್ಟೆ: "ಡಾಕ್ಟರ್, ಇಟ್ ಈಸ್ ಮೈ ಫಾಲ್ಟ್. ಐ ಟೋಲ್ಡ್ ಅ ಲೈ. ನೀವು ಬರೆದೇ ಇರಲಿಲ್ಲ, ಸಂಡೇ ತಿನ್ನಬಹುದು ಅಂತ ನಾನೇ ಹೇಳಿದೆ. ಅವಳನ್ನ ಫೇಲ್ ಮಾಡಬೇಡಿ."

ಡಾಕ್ಟರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅತ್ತಿಯ ತೋಳಿಗೆ ಮತ್ತೆ ಪಟ್ಟಿ ಸುತ್ತಿದರು. ಗಾಳಿ ಬಿಟ್ಟರು, ಮತ್ತೊಮ್ಮೆ ಒತ್ತಿದರು, ಮತ್ತೊಮ್ಮೆ ಬಿಟ್ಟರು. ಆ ಎರಡು ನಿಮಿಷ ನಾನು ಕಾನ್ವೆಂಟಿನ 'ಹೇಲ್ ಮೇರಿ' ಪ್ರಾರ್ಥನೆ ಎಷ್ಟು ಹೇಳಿದೆನೋ, ಎಷ್ಟು ಸಲ ಬಸವಣ್ಣನ ಹೆಸರು ಹೇಳಿದೆನೋ ಲೆಕ್ಕವಿಲ್ಲ.

"ಈ ಹಾಳೆ ನಾನು ವಾರಕ್ಕೆ ಹತ್ತು ಜನಕ್ಕೆ ಕೊಡ್ತೀನಿ" ಅಂದರು ಕೊನೆಗೆ. "ಹದಿನೈದು ದಿನ ಮಾಡ್ತಾರೆ, ಬಿಡ್ತಾರೆ, ಮುಖ ತೋರಿಸಲ್ಲ. ಎಂಟು ವಾರ ನಡೆಸಿ ವಾಪಸು ಬಂದವರು ನೀವೇ. ಬಿಪಿ ಚೆನ್ನಾಗಿ ಇಳಿದಿದೆ. ಆರು ಕಿಲೋ ಸಾಕು." ಪೆನ್ನು ತೆಗೆದು ಸರ್ಟಿಫಿಕೇಟಿಗೆ ಸಹಿ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಸುಳ್ಳು ಹೇಳಬಾರದು, ಅಂಡರ್‌ಸ್ಟ್ಯಾಂಡ್?" ಎಂದು ಗದರಿದರು. ತುಟಿ ಮಾತ್ರ ನಗುತ್ತಿತ್ತು.

ನನ್ನ ಟ್ರಂಕ್ ಭಾಲ್ಕಿಯಲ್ಲೇ ಇದ್ದದ್ದರಿಂದ ಅತ್ತಿಯ ಜೊತೆ ಮತ್ತೆ ರೈಲು ಹತ್ತಿದೆ. ಅವಳ ಮುಖ ನೋಡಲು ಧೈರ್ಯ ಇರಲಿಲ್ಲ.

"ನನ್ನ ಮ್ಯಾಲ ಸಿಟ್ಟದ ಏನ್ ಅತ್ತಿ?"

"ಯಾಕ ಸಿಟ್ಟು?" ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು. "ಸಿಹಿ ಮುಂದ 'ನೋ' ಅಂತ ಬರದಿದ್ದೂ, 'ಸಂಡೇ' ಅಂತ ಎಲ್ಲೂ ಇಲ್ಲದ್ದೂ ನನಗೂ ಕಂಡಿತ್ತು. 'ನೋ' ಓದಲಿಕ್ಕ ಕಾನ್ವೆಂಟ್ ಬೇಕೇನ?"

"ಮತ್ತ ಯಾಕ ಸುಮ್ಮನಿದ್ದಿ?"

"ಆರು ದಿನ ಬ್ಯಾಡ ಅನ್ನೋರು ಭಾಳ ಮಂದಿ ಇದ್ರು. ಒಂದ ದಿನ ತಿನ್ನು ಅಂದಾಕಿ ನೀ ಒಬ್ಬಾಕಿ. ನಿನ್ನ ಮಾತು ಹ್ಯಾಂಗ ಮುರೀಲಿ?" ಎಂದು ನನ್ನ ಜಡೆ ಎಳೆದಳು.

ಎರಡು ಕಿಲೋದ ಗುಟ್ಟು ಗಂಜಿನಲ್ಲಿ ಬಯಲಾಯಿತು. ಎರಡು ಕಾಂಟಾಕ್ಕೂ ಯಾಕೆ ಎರಡು ಕಿಲೋ ಫರಕು ಎಂದು ದೊಡ್ಡಪ್ಪ ಕೇಳಿದ್ದೇ ತಡ, ಮೈಬೂಬ ಕಾಕಾ ಹಣೆ ಬಡಿದುಕೊಂಡರು. ಗಂಜಿನಲ್ಲಿ ಪ್ರತಿ ಚೀಲಕ್ಕೂ ಗೋಣಿಯ ತೂಕ, ಕಸ, ಧೂಳು ಎಂದು ಎರಡು ಕಿಲೋ ಕಳೆದು ಹೇಳುವ ರೂಢಿ. ಅದಕ್ಕೆ ಸೂಟ್ ಅನ್ನುತ್ತಿದ್ದರು. "ತೌಬಾ, ತೌಬಾ! ನಲವತ್ತು ವರ್ಷ ಆಯ್ತ್ರಿ ಸಾವಕಾರ್ರೆ, ಸೂಟ್ ತೆಗೀದ ನಾ ಏನೂ ತೂಗಿಲ್ಲ. ಬಾಯಿ ತಾನ ಕಳೀತದ."

"ಅಂದ್ರ ಎಂಟು ವಾರ ನನ್ನ ಮೈಯಾಗಿನ ಕಸಾ ಧೂಳಾ ತೆಗದ್ರಿ ಕಾಕಾ" ಎಂದಳು ಅತ್ತಿ. ದೊಡ್ಡಪ್ಪ ನಗುತ್ತ ನಗುತ್ತ ಗಾದಿಗೆ ಒರಗಿದರು. ಆ ಅಂಗಡಿಯಲ್ಲಿ ಅತ್ತಿ ಅಷ್ಟು ಎತ್ತರದ ದನಿಯಲ್ಲಿ ಮಾತಾಡಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ಜೂನಿನಲ್ಲಿ ಅವಳು ಔರಾದಿಗೆ ಹೋದಳು. ನಾನು ಕಾನ್ವೆಂಟಿಗೆ ಮರಳಿದೆ, ಯೂನಿಫಾರ್ಮಿನ ಗುಂಡಿ ಹಾಕಲಾಗದಷ್ಟು ದಪ್ಪಗಾಗಿ. ಅವಳ ಪಥ್ಯಕ್ಕೆ ಕಾವಲುಗಾರ್ತಿಯಾಗಿ ಎಂಟು ವಾರ ಅವಳು ಬಿಟ್ಟ ಪಾಲನ್ನೂ ತಿಂದವಳು ನಾನಲ್ಲವೇ!

ಈಗ ನನಗೂ ಮಂಡಿ ನೋವು, ನನಗೂ ಒಂದು ಡಯಟ್ ಚಾರ್ಟ್ ಇದೆ. ಫೋನು ದಿನಾ ನನ್ನ ಹೆಜ್ಜೆ ಎಣಿಸುತ್ತದೆ, ಬಚ್ಚಲ ಬಾಗಿಲಲ್ಲಿ ಗಾಜಿನ ತಕ್ಕಡಿ ಕೆಂಪು ಅಂಕಿ ತೋರಿಸುತ್ತದೆ. ಅದರ ಮೇಲೆ ಒಬ್ಬಳೇ ಹತ್ತುತ್ತೇನೆ, ಒಬ್ಬಳೇ ಇಳಿಯುತ್ತೇನೆ. ಮುಬಾರಕ್ ಅನ್ನುವವರಿಲ್ಲ, ಚುಚ್ಚುವ ದೊಡ್ಡವ್ವನೂ ಇಲ್ಲ. ಜಿಲೇಬಿ ಬೇಕೆಂದರೆ ಬುಧವಾರವೂ ಅರ್ಧ ಗಂಟೆಯಲ್ಲಿ ಬಾಗಿಲಿಗೆ ಬರುತ್ತದೆ. ತಿನ್ನುತ್ತೇನೆ, ರುಚಿ ಇದೆ. ಶನಿವಾರದ ಆ ಪಿಸುಮಾತು ಮಾತ್ರ ಅದರ ಜೊತೆ ಬರುವುದಿಲ್ಲ. ಆದರೂ ನನಗೆ ಕೊರಗಿಲ್ಲ. ಅಂಥ ಎಂಟು ಆದಿತ್ಯವಾರ ಎಷ್ಟು ಮಂದಿಗೆ ಸಿಕ್ಕಿರುತ್ತವೆ?

ಅತ್ತಿಯನ್ನು ಕೊನೆಯ ಸಲ ನೋಡಿದ್ದು ಔರಾದಿನಲ್ಲಿ. ರಿಟೈರ್ ಆಗಿ ಬಹಳ ವರ್ಷವಾಗಿತ್ತು. ಎರಡು ಖೋಲಿಯ ಸ್ವಂತ ಮನೆ, ಪಡಸಾಲೆಯಲ್ಲಿ ಹತ್ತು ಹನ್ನೆರಡು ಹುಡುಗಿಯರು ಪರೀಕ್ಷೆಗೆ ಓದುತ್ತ ಕೂತಿದ್ದರು. ನನಗೆ ಬೀದರದ ಬಸ್ಸಿಗೆ ಹೊತ್ತಾಗಿತ್ತು. "ಕೂಡು, ಇವರದ ಒಂದ ಲೆಕ್ಕಾ ಮುಗೀಲಿ" ಅಂದಳು. ಕೂತೆ, ಮುಗಿಯಲಿಲ್ಲ, ಎದ್ದೆ. ಅವಳು ಬಾಗಿಲವರೆಗೆ ಬರಲಿಲ್ಲ. ಕನ್ನಡಕದ ಮೇಲಿಂದ ನೋಡಿ, "ಮುಂದಿನ ಸಲ ನಾಕ್ ದಿನ ಇರೋ ಹಂಗ ಬಾ" ಎಂದು ಬೋರ್ಡಿನ ಕಡೆ ತಿರುಗಿದಳು. ಚಪ್ಪಲಿ ಮೆಟ್ಟುತ್ತ ಮತ್ತೊಮ್ಮೆ ಇಣುಕಿದೆ. ಒಬ್ಬ ಹುಡುಗಿ ಏನೋ ಅಂದಳು, ಎಲ್ಲರೂ ನಕ್ಕರು. ಅತ್ತಿ ಬರೆಯುವುದನ್ನು ನಿಲ್ಲಿಸದೆ, ನನಗೆ ಬೆನ್ನು ಮಾಡಿಯೇ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.