ಮೂಗಿನಣ್ಣ ರುಚಿ ನೋಡಿದ ಕೊನೆಯ ವೈನ್

ನಮ್ಮ ಬೀದಿಯ ತುದಿಯಲ್ಲಿದ್ದ ವೈನ್ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಮೂಗಿನಣ್ಣ ಎನ್ನುತ್ತಿದ್ದರು. ಮೂಗೇನೂ ದೊಡ್ಡದಲ್ಲ. ಆದರೆ ಆ ಮೂಗು ಒಪ್ಪದೆ ಒಂದು ಸೀಸೆಯೂ ನೆಲಮಾಳಿಗೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಗುಳ್ಳೆ ಏಳುವ ಬಿಳಿ ವೈನ್ ಅಲ್ಲಿನ ಸರಕು. ಸೀಸೆಯೊಳಗೇ ಮತ್ತೊಮ್ಮೆ ಹುದುಗಿ, ವರ್ಷಗಟ್ಟಲೆ ಕತ್ತಲಲ್ಲಿ ಮಲಗಿರುತ್ತಿತ್ತು. ತಲೆಕೆಳಗಾಗಿ ನಿಲ್ಲಿಸಿದ ಸೀಸೆಯ ಕುತ್ತಿಗೆಗೆ ಇಳಿದ ಮಡ್ಡಿಯನ್ನು ಹೊರಹಾಕುವಾಗ ಮೂಗಿನಣ್ಣ ಒಂದೊಂದನ್ನೂ ಮೂಸಿ, ಕೆಟ್ಟದ್ದನ್ನು ಮಾತಿಲ್ಲದೆ ಪಕ್ಕಕ್ಕಿಡುತ್ತಿದ್ದ.

ಒಂದು ಚಳಿಗಾಲ ಜ್ವರ ಬಂದು, ಹೋಗುವಾಗ ವಾಸನೆ ಹಿಡಿಯುವ ಅವನ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಒಲೆಯ ಮೇಲೆ ಹಾಲು ಸೀದು ಹೊಗೆಯಾಡುತ್ತಿದ್ದರೂ ಅವನು ಅತ್ತ ಬೆನ್ನು ಹಾಕಿ ಅಂಗಿಗೆ ಗುಂಡಿ ಹೊಲಿಯುತ್ತ ಕುಳಿತಿದ್ದ. ಹೆಂಡತಿ ಓಡಿ ಬಂದು ಪಾತ್ರೆ ಇಳಿಸಿ ಅವನ ಮುಖ ನೋಡಿದಳು. ಅವಳೂ ಅದೇ ಕಾರ್ಖಾನೆಯಲ್ಲಿ ಲೋಟ ತೊಳೆಯುತ್ತಿದ್ದಳು. ಯಜಮಾನರಿಗೆ ಹೇಳಿಬಿಡಿ ಎಂದಳು.

"ಮೂಗು ಹೋದ್ರೆ ಬರೀ ಅಣ್ಣ ಉಳೀತಾನೆ. ಅವನನ್ನ ಇಟ್ಕೊಂಡು ಅವರೇನು ಮಾಡ್ತಾರೆ?" ಎಂದ.

ನಗುವ ಮಾತು, ಇಬ್ಬರೂ ನಗಲಿಲ್ಲ. ಅವನಿಗೆ ಅಳುವೂ ಬರಲಿಲ್ಲ. ಊಟ ನೆನೆದ ಕಾಗದದಂತೆ ಗಂಟಲಿಳಿಯುತ್ತಿತ್ತು. ಕೆಲಸಕ್ಕೆ ಹೋಗುತ್ತಿದ್ದ, ಮೂಸುತ್ತಿದ್ದ, ಬರುತ್ತಿದ್ದ.

ಹೀಗಿರುವಾಗ, ಒಳ್ಳೆಯ ಬಿಸಿಲು ಕಂಡ ಒಂದು ವರ್ಷದ ವೈನನ್ನು ಹೊರಗೆ ಕಳುಹಿಸುವ ಸಮಯ ಬಂತು. ಬಹುಕಾಲ ಕಾಪಾಡಿಟ್ಟಿದ್ದ ವೈನ್ ಅದು. ನೆಲಮಾಳಿಗೆಯಲ್ಲಿ ಜೋಡಿಸಿಟ್ಟ ಒಂದೊಂದು ಸಾಲಿನಿಂದ ಒಂದೊಂದು ಸೀಸೆ ತೆಗೆದು ಯಜಮಾನರ ಕೋಣೆಯಲ್ಲಿ ರುಚಿ ನೋಡಬೇಕು. ಮೂಗಿನಣ್ಣ ಬಾಯಿ ಬಿಡುವ ತನಕ ಯಜಮಾನರಾಗಲಿ, ಲೆಕ್ಕ ಬರೆಯುವ ಗುಮಾಸ್ತರಾಗಲಿ, ಬೇರೆ ಯಾರೂ ಲೋಟ ಮುಟ್ಟುವಂತಿಲ್ಲ.

ಮೊದಲ ಲೋಟವನ್ನು ಅವನು ಕಿಟಕಿಯ ಬೆಳಕಿಗೆ ಹಿಡಿದ. ಒಣಹುಲ್ಲಿನ ಬಣ್ಣ. ತಳದಿಂದ ಹೊಲಿಗೆಯ ದಾರದಷ್ಟು ಸಣ್ಣಗೆ, ಕಡಿಯದೆ ಏಳುವ ಗುಳ್ಳೆಗಳು. ಬಾಯಿಗೆ ಹಾಕಿಕೊಂಡಾಗ ಹುಳಿ ತಿಳಿಯಿತು, ನಾಲಗೆಯ ಮೇಲೆ ಚುರುಚುರು ಎಂದದ್ದು ತಿಳಿಯಿತು. ಅದರಾಚೆ ಗೋಡೆ. ಜ್ವರಕ್ಕೆ ಮುಂಚೆ, ಮಡ್ಡಿ ತೆಗೆದ ದಿನ ಇದೇ ವೈನನ್ನು ಮೂಸಿದ್ದ ನೆನಪಿನಿಂದ ಎತ್ತಿ ಹೇಳಿದ: ಮೊದಲು ಹಸಿರು ಸೇಬು, ನಿಂಬೆಯ ಸಿಪ್ಪೆ. ಅನಂತರ ಕೆಂಪಗೆ ಸುಟ್ಟ ಬ್ರೆಡ್ಡು, ಹುರಿದ ಬಾದಾಮಿ. ನುಂಗಿದ ಮೇಲೂ ಬಾಯಲ್ಲಿ ನಿಲ್ಲುವ, ಒದ್ದೆ ಸುಣ್ಣದಕಲ್ಲಿನಂಥ ತಂಪು. ಎಲ್ಲರೂ ಕುಡಿದು ಹೌದೆಂದರು. ವೈನ್ ನಿಜಕ್ಕೂ ಹಾಗೆಯೇ ಇತ್ತು.

ಕೊನೆಯ ಸಾಲಿನ ಸೀಸೆಗೂ ಅದನ್ನೇ ಹೇಳಿದ. ಗುಮಾಸ್ತರು ಮುಖ ಹಿಂಡಿದರು. ಆದರೂ ಮೂಗಿನಣ್ಣನೇ ಹೇಳಿದ ಮೇಲೆ ಬಾದಾಮಿಯೇ ಇರಬೇಕೆಂದು ಕಷ್ಟಪಟ್ಟು ನುಂಗಿದರು. ಯಜಮಾನರು ತುಟಿಗೆ ತಾಗಿಸಿ, ಒಂದು ಕ್ಷಣ ತಡೆದು, ಕಳುಹಿಸಿ ಎಂದರು.

ಲೋಟಗಳನ್ನು ಒಯ್ಯಲು ಬಂದ ಹೆಂಡತಿ ಬಾಗಿಲಿನವರೆಗೆ ಹೋದವಳು, ಕೈಯಲ್ಲಿದ್ದ ಲೋಟವೊಂದನ್ನು ಮೂಸಿ ತಿರುಗಿ ಬಂದಳು. ತಳದಲ್ಲಿ ಗುಟುಕು ಉಳಿದಿದ್ದ ಅವನ ಲೋಟವನ್ನು ಅವನ ಮುಂದೆಯೇ ಇಟ್ಟಳು.

"ರೀ, ಇದನ್ನ ಇನ್ನೊಂದ್ಸಲ ನೋಡಿ."

ಅವನು ನೋಡಬೇಕಾಗಿರಲಿಲ್ಲ. ಹಾಲು ಸೀದ ದಿನದ ಮುಖವೇ ಅವಳದಾಗಿತ್ತು. ಸುಮ್ಮನಿದ್ದರೆ ಆ ಸಾಲು ಹೊರಗೆ ಹೋಗುತ್ತದೆ, ನಾಳೆಯೂ ತಾನು ಮೂಗಿನಣ್ಣನೇ.

"ಯಜಮಾನ್ರೇ, ನನ್ನ ಮೂಗು ಹೋಗಿ ಬಹಳ ದಿನ ಆಯ್ತು. ನಾನು ಹೇಳಿದ್ದೆಲ್ಲ ಹಳೇ ನೆನಪು. ಈ ಸಾಲು ಕಳಿಸ್ಬೇಡಿ."

"ಒದ್ದೆ ರಟ್ಟು ಅಗಿದ ಹಾಗಿದೆ ಅಂತ ನಾನೂ ಅಂದ್ಕೊಂಡೆ," ಎಂದರು ಗುಮಾಸ್ತರು.

"ಅಂದ್ಕೊಂಡೇ ನುಂಗಿದ್ರಲ್ಲ," ಎಂದರು ಯಜಮಾನರು.

ಮಡ್ಡಿ ತೆಗೆದ ಮೇಲೆ ಆ ಸಾಲಿಗೆ ಹಾಕಿದ ಬಿರಡೆಗಳೇ ಕೆಟ್ಟಿದ್ದವು. ಸೀಸೆಗಳನ್ನು ಚರಂಡಿಗೆ ಸುರಿದರು. ಯಾರೂ ಬೈಯಲಿಲ್ಲ. ರುಚಿ ನೋಡಲು ಬೇರೊಬ್ಬರು ಬಂದರು, ಅವನಿಗೆ ಚೀಟಿ ಅಂಟಿಸುವ ಕೆಲಸ ಬಂತು. ಜನ ಮಾತ್ರ ಮೂಗಿನಣ್ಣ ಎಂದೇ ಕರೆಯುತ್ತಿದ್ದರು. ಕರೆದರೆ ತಿರುಗುತ್ತಿದ್ದ.

ಒಳ್ಳೆಯ ಸಾಲಿನ ಒಂದು ಸೀಸೆಯನ್ನು ಯಜಮಾನರು ಅವನ ಮನೆಗೆ ಕಳುಹಿಸಿದರು. ಭಾನುವಾರ ಮಧ್ಯಾಹ್ನ ಗಂಡಹೆಂಡತಿ ಅದನ್ನು ತೆರೆದು ಕುಳಿತರು. ಹೇಗಿದೆ ಎಂದು ಅವನು ಕೇಳಿದ. ಸೇಬು, ಬಾದಾಮಿ ಎಂದೆಲ್ಲ ಬಿಡಿಸಿ ಹೇಳುವುದು ಅವಳಿಗೆ ಬಾರದು.

"ಚೆನ್ನಾಗಿದೆ ಕಣ್ರೀ," ಎಂದಳು.

ಅವನು ತಲೆಯಾಡಿಸಿದ. ತನ್ನ ಲೋಟವನ್ನು ಕಿವಿಯ ಹತ್ತಿರ ಹಿಡಿದು, ಗುಳ್ಳೆಗಳ ಸದ್ದು ಅಡಗುವವರೆಗೂ ಹಾಗೆಯೇ ಕುಳಿತಿದ್ದ.